ಹಲ್ಲಿನ ತಂತಿ ಮದುವೆಯ ಸಿದ್ಧತೆಯಲ್ಲ

ಹಲ್ಲಿಗೆ ತಂತಿ ಹಾಕಿಸುವುದು ಚೆಂದಕ್ಕೆ. ಹುಡುಗಿಯಾದರೆ ಮದುವೆಗೆ ಮುಂಚೆ ಹಾಕಿಸಿ ಮುಗಿಸಬೇಕು, ಹುಡುಗನಿಗೆ ಹಲ್ಲು ಹೇಗಿದ್ದರೂ ನಡೆಯುತ್ತದೆ. ಹಾಲುಹಲ್ಲು ಹುಳುಕಾದರೆ ಚಿಂತೆಯಿಲ್ಲ, ಹೇಗೂ ಬೀಳುವ ಹಲ್ಲು. ಉತ್ತರ ಕನ್ನಡದ ಕತಗಾಲದಲ್ಲಿ ಕೇಳಿ, ಕುಮಟಾ ಪೇಟೆಯಲ್ಲಿ ಕೇಳಿ, ಹೊನ್ನಾವರ, ಭಟ್ಕಳದ ಮನೆಗಳ ಜಗಲಿಯಲ್ಲಿ ಕೂತು ಕೇಳಿ, ಈ ಮೂರು ಮಾತು ಸಿಕ್ಕೇ ಸಿಗುತ್ತವೆ. ಓದದವರು ಹೇಳುವುದೂ ಇದನ್ನೇ, ಓದಿದವರು ಹೇಳುವುದೂ ಇದನ್ನೇ. ಮೂರೂ ಮಾತು ತಪ್ಪು. ಮೂರರ ಬೇರೂ ಒಂದೇ: ಹಲ್ಲಿನ ಸಾಲು ಇರುವುದು ನೋಡುವವರ ಕಣ್ಣಿಗಾಗಿ ಎಂಬ ನಂಬಿಕೆ. ಈ ನಂಬಿಕೆ ನಮ್ಮ ಮಕ್ಕಳ ಬಾಯಿಗೆ ಎರಡು ಕಡೆಯಿಂದ ಏಟು ಕೊಡುತ್ತಿದೆ. ಚಿಕಿತ್ಸೆ ಬೇಕೇಬೇಕಾದ ಏಳೆಂಟು ವರ್ಷದ ಮಗುವಿಗೆ ಅದು ಸಿಗುತ್ತಿಲ್ಲ. ಗಟ್ಟಿ ಹಲ್ಲಿರುವ ಇಪ್ಪತ್ತೆರಡರ ಹುಡುಗಿಗೆ ಬೇಡದ ಚಿಕಿತ್ಸೆ ಅವಸರದಲ್ಲಿ ನಡೆಯುತ್ತಿದೆ.

ಹಲ್ಲು ಸರಿಪಡಿಸುವ ಈ ಶಾಸ್ತ್ರ ಹುಟ್ಟಿದ್ದು ಯಾವ ಹಲ್ಲಿನ ಮೇಲೆ ಎಂಬುದನ್ನು ಮೊದಲು ನೋಡೋಣ. ಇದಕ್ಕೆ ಬುನಾದಿ ಹಾಕಿದ ಅಮೆರಿಕದ ಎಡ್ವರ್ಡ್ ಆ್ಯಂಗಲ್ 1899ರಲ್ಲಿ ಹಲ್ಲುಸಾಲಿನ ದೋಷಗಳನ್ನು ವಿಂಗಡಿಸಿದ. ಇಂದಿಗೂ ಜಗತ್ತಿನಾದ್ಯಂತ ದಂತವೈದ್ಯರು ಆ ವಿಂಗಡಣೆಯನ್ನು ಬಳಸುತ್ತಾರೆ. ಅವನು ಅಳತೆಗೋಲಾಗಿ ಹಿಡಿದದ್ದು ನಕ್ಕಾಗ ಕಾಣುವ ಮುಂದಿನ ಹಲ್ಲುಗಳನ್ನಲ್ಲ, ಆರನೆಯ ವರ್ಷದ ಹೊತ್ತಿಗೆ ಬಾಯಿಯ ಹಿಂಬದಿಯಲ್ಲಿ ಮೂಡುವ ದವಡೆಹಲ್ಲನ್ನು. ಮೇಲಿನ ದವಡೆಹಲ್ಲೂ ಕೆಳಗಿನ ದವಡೆಹಲ್ಲೂ ಒಂದಕ್ಕೊಂದು ಹೇಗೆ ಕೂರುತ್ತವೆ ಎಂಬುದರ ಮೇಲೆ ಉಳಿದ ಸಾಲೆಲ್ಲ ನಿಂತಿದೆ ಎಂದು ಅವನು ಕಂಡ. ಯಾರಿಗೂ ಕಾಣದ, ಅನ್ನ ಅರೆಯುವುದೇ ಕೆಲಸವಾದ ಹಲ್ಲು ಈ ಶಾಸ್ತ್ರದ ಕೇಂದ್ರ. ಅದನ್ನು ನಾವು ಹೆಣ್ಣು ನೋಡುವ ಶಾಸ್ತ್ರಕ್ಕೆ ಕಟ್ಟಿಹಾಕಿದ್ದೇವೆ.

ಆ ದವಡೆಹಲ್ಲಿಗೆ ನಮ್ಮ ಊರುಗಳಲ್ಲಿ ಆಗುತ್ತಿರುವ ಗತಿ ಏನು? ಅದು ಮೂಡುವಾಗ ಯಾವ ಹಾಲುಹಲ್ಲೂ ಬೀಳುವುದಿಲ್ಲ; ಹಾಲುಹಲ್ಲುಗಳ ಹಿಂದಿನ ಖಾಲಿ ಜಾಗದಲ್ಲಿ ಸದ್ದಿಲ್ಲದೆ ಬರುತ್ತದೆ. ಹಾಗಾಗಿ ಹೆತ್ತವರು ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಬಿದ್ದ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆದು ಹೊಸ ಹಲ್ಲಿಗೆ ಕಾಯುವ ರೂಢಿ ನಮ್ಮದು. ಆದರೆ ಈ ಹಲ್ಲು ಹೋದರೆ ಹೊಸದು ಬರುವುದಿಲ್ಲ. ಬದುಕಿಡೀ ಇರಬೇಕಾದ ಹಲ್ಲು ಅದು. ಬೆಳಗಿನ ದೋಸೆಗೆ ಜೋನಿಬೆಲ್ಲ, ಮಧ್ಯೆ ಅಂಗಡಿಯ ಚಾಕೊಲೇಟು, ಸಂಜೆ ಚಹಾಕ್ಕೆ ಬಿಸ್ಕತ್ತು, ರಾತ್ರಿ ಹಲ್ಲುಜ್ಜದೆ ನಿದ್ದೆ. ಇಷ್ಟು ಸಾಕು, ಅದರ ಮೇಲಿನ ಆಳದ ಗೀರುಗಳಲ್ಲಿ ಹುಳುಕು ಹಿಡಿಯುತ್ತದೆ. ಒಂಬತ್ತನೆಯ ವರ್ಷಕ್ಕೆ ನೋವು ಬಂದಾಗ ಕೀಳಿಸುತ್ತಾರೆ. ಶಾಸ್ತ್ರ ಯಾವ ಹಲ್ಲನ್ನು ಆಧಾರವೆಂದು ಹಿಡಿಯಿತೋ ಅದನ್ನೇ ಕಳೆದುಕೊಂಡ ಬಾಯಿ ಮುಂದೆ ಸೊಟ್ಟಗಾದರೆ ಅದನ್ನು ಹಣೆಬರಹ ಎನ್ನುತ್ತೇವೆ.

ಹಾಲುಹಲ್ಲಿನ ಮಾತೂ ಅಷ್ಟೇ. ಇಪ್ಪತ್ತು ಹಾಲುಹಲ್ಲುಗಳು ಅಗಿಯುವುದರ ಜೊತೆಗೆ ಇನ್ನೊಂದು ಕೆಲಸ ಮಾಡುತ್ತವೆ: ಮುಂದೆ ಬರುವ ಹಲ್ಲಿಗೆ ಜಾಗ ಕಾಯುತ್ತವೆ. ಹಾಲುಹಲ್ಲುಗಳಲ್ಲಿ ಕೊನೆಯ ದವಡೆಹಲ್ಲು ಹತ್ತು, ಹನ್ನೆರಡನೆಯ ವರ್ಷದವರೆಗೂ ಬಾಯಲ್ಲಿ ಇರಬೇಕು. ಅದನ್ನು ಆರು, ಏಳಕ್ಕೇ ಕಿತ್ತರೆ ಬೇಲಿಯ ನಡುವಿನ ಗೂಟ ಕಿತ್ತಂತೆ. ಹಿಂದಿನ ಹಲ್ಲು ಮುಂದಕ್ಕೆ ವಾಲಿ ಆ ಜಾಗವನ್ನು ತಿನ್ನುತ್ತದೆ. ಆಮೇಲೆ ಬರುವ ಹಲ್ಲಿಗೆ ದಾರಿಯಿಲ್ಲದೆ ಅದು ಒಂದೋ ಓರೆಯಾಗಿ ಮೂಡುತ್ತದೆ, ಇಲ್ಲವೇ ಎಲುಬಿನೊಳಗೇ ಸಿಕ್ಕಿಕೊಳ್ಳುತ್ತದೆ. ಹಾಲುಹಲ್ಲಿನ ಹುಳುಕನ್ನು ತುಂಬಿಸಿದ್ದರೆ, ಕೀಳಲೇಬೇಕಾದಾಗ ಆ ಜಾಗ ಕಾಯಲು ಒಂದು ಸಣ್ಣ ತಂತಿಯ ಬಳೆ ಕೂರಿಸಿದ್ದರೆ, ಹದಿನಾಲ್ಕರಲ್ಲಿ ಎರಡು ವರ್ಷದ ಚಿಕಿತ್ಸೆ ಎಷ್ಟೋ ಮಕ್ಕಳಿಗೆ ಬೇಕಾಗುತ್ತಲೇ ಇರಲಿಲ್ಲ, ಬೇಕಾದವರಿಗೂ ಹಗುರವಾಗುತ್ತಿತ್ತು.

ಇನ್ನು ‘ಹುಡುಗನಿಗೆ ಹೇಗಿದ್ದರೂ ನಡೆಯುತ್ತದೆ’ ಎಂಬ ಮಾತು. ಮೇಲಿನ ಮುಂಭಾಗದ ಹಲ್ಲುಗಳು ಕೆಳಗಿನವಕ್ಕಿಂತ 3 ಮಿಲಿಮೀಟರಿಗೂ ಹೆಚ್ಚು ಮುಂದೆ ಚಾಚಿದ್ದರೆ ಬಿದ್ದು, ತಾಗಿ ಮುರಿಯುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ಅಧ್ಯಯನಗಳನ್ನು ಒಟ್ಟುಸೇರಿಸಿ ನೋಡಿದವರು ಹೇಳಿದ್ದಾರೆ. ಹೀಗೆ ಮುಂದಿನ ಹಲ್ಲು ಮುರಿದುಕೊಳ್ಳುವವರಲ್ಲಿ ಹುಡುಗರೇ ಹೆಚ್ಚು. ಗದ್ದೆಯಲ್ಲಿ ಕ್ರಿಕೆಟ್ ಆಡುವವರು, ಸೈಕಲ್ಲಿನಿಂದ ಬೀಳುವವರು, ಹೊಳೆಯ ಬಂಡೆ ಹತ್ತುವವರು ಅವರು. ಅವರ ಉಬ್ಬುಹಲ್ಲನ್ನೇ ‘ಗಂಡುಮಗ’ ಎಂದು ಬಿಟ್ಟುಬಿಡುತ್ತೇವೆ. ಅನೇಕ ಮಕ್ಕಳಲ್ಲಿ ಹಲ್ಲು ಉಬ್ಬಿ ಕಾಣುವುದಕ್ಕೆ ಕೆಳದವಡೆ ಹಿಂದೆ ಉಳಿದದ್ದೇ ಕಾರಣ. ದವಡೆ ಬೆಳೆಯುವ ಭರದಲ್ಲಿರುವಾಗ, ಎಂದರೆ ಹೆಚ್ಚುಕಡಿಮೆ ಹತ್ತರಿಂದ ಹದಿನಾಲ್ಕರ ನಡುವೆ, ಟ್ವಿನ್ ಬ್ಲಾಕ್‌ನಂಥ, ತೆಗೆದು ಮತ್ತೆ ಹಾಕಿಕೊಳ್ಳುವ ಸಾಧನದಿಂದ ಕೆಳದವಡೆಯನ್ನು ಮುಂದಕ್ಕೆ ಹಿಡಿದು ಆ ಬೆಳವಣಿಗೆಯನ್ನು ಬಳಸಿಕೊಳ್ಳಬಹುದು. ಬೆಳವಣಿಗೆ ನಿಂತ ಮೇಲೆ ಉಳಿಯುವ ದಾರಿ ಎರಡೇ: ಹಲ್ಲು ಕಿತ್ತು ದೋಷವನ್ನು ಮರೆಮಾಡುವುದು ಅಥವಾ ದವಡೆಯ ಶಸ್ತ್ರಚಿಕಿತ್ಸೆ. ಮದುವೆಯ ವಯಸ್ಸಿಗೆ ಕಾಯುವುದೆಂದರೆ ಆ ಕಾಲವನ್ನು ಕೈಯಾರೆ ಕಳೆಯುವುದು.

ಅಮೆರಿಕದ ಹಲ್ಲುಸಾಲು ತಜ್ಞರ ಸಂಘ ಮಕ್ಕಳನ್ನು ಏಳನೆಯ ವರ್ಷದೊಳಗೆ ಒಮ್ಮೆ ತೋರಿಸಿ ಎನ್ನುವುದು ಇದಕ್ಕೇ. ತೋರಿಸಿ ಎಂದರೆ ತಂತಿ ಹಾಕಿಸಿ ಎಂದಲ್ಲ. ಆ ವಯಸ್ಸಿನಲ್ಲಿ ನೋಡಬೇಕಾದದ್ದು ಕೆಲವೇ ಸಂಗತಿ, ಮನೆಯಲ್ಲೇ ಕಣ್ಣಿಗೆ ಬೀಳುವಂಥವು. ಬಾಯಿ ಮುಚ್ಚಿದಾಗ ಮೇಲಿನ ಒಂದು ಹಲ್ಲು ಕೆಳಗಿನದರ ಹಿಂದೆ ಸಿಕ್ಕಿಕೊಳ್ಳುತ್ತದೆಯೇ? ಕಚ್ಚುವಾಗ ಗಲ್ಲ ಒಂದು ಬದಿಗೆ ಸರಿಯುತ್ತದೆಯೇ? ನಾಲ್ಕು ವರ್ಷ ದಾಟಿದ ಮೇಲೂ ಬೆರಳು ಚೀಪುವ ಅಭ್ಯಾಸ ಉಳಿದಿದೆಯೇ? ಮಲಗಿದಾಗ ಬಾಯಿ ತೆರೆದೇ ಉಸಿರಾಡುತ್ತದೆಯೇ? ಕೊನೆಯದು ಹೌದಾದರೆ ಮೊದಲು ಮೂಗು, ಗಂಟಲಿನ ಡಾಕ್ಟರಿಗೆ ತೋರಿಸಬೇಕು. ಹತ್ತು ವರ್ಷದ ಹೊತ್ತಿಗೆ ಮೇಲಿನ ವಸಡಿನ ಎರಡೂ ಬದಿಯಲ್ಲಿ ಕೋರೆಹಲ್ಲಿನ ಉಬ್ಬು ಬೆರಳಿಗೆ ಸಿಗಬೇಕು. ಸಿಗದಿದ್ದರೆ ಅದು ಒಳಗೆ ದಾರಿ ತಪ್ಪಿರಬಹುದು, ಎಕ್ಸ್‌ರೇ ತೆಗೆಸಬೇಕು. ಇವುಗಳಲ್ಲಿ ಯಾವುದಕ್ಕೂ ಮದುವೆಗೂ ಸಂಬಂಧವಿಲ್ಲ.

ಇದರ ಇನ್ನೊಂದು ಮುಖವನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು: ಎಷ್ಟೋ ಬಾಯಿಗಳಿಗೆ ಯಾವ ಚಿಕಿತ್ಸೆಯೂ ಬೇಕಿಲ್ಲ. ಎಂಟು, ಒಂಬತ್ತು ವರ್ಷದ ಮಗುವಿನ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಇರುವುದು ಸಹಜ. ಕೋರೆಹಲ್ಲು ಇಳಿದಾಗ ಬಹಳ ಮಕ್ಕಳಲ್ಲಿ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಒಂದು ಹಲ್ಲು ತುಸು ತಿರುಗಿದ್ದರೂ ಅಗಿಯಲು ತೊಂದರೆಯಿಲ್ಲ. ಬ್ರಿಟನ್ನಿನಲ್ಲಿ 1989ರಲ್ಲಿ ರೂಪಿಸಿದ ಒಂದು ಮಾಪನ ಹಲ್ಲುಸಾಲಿನ ತೊಂದರೆಯನ್ನು ಮಿಲಿಮೀಟರಿನಲ್ಲಿ ಅಳೆದು 5 ದರ್ಜೆ ಮಾಡುತ್ತದೆ. ಅಲ್ಲಿನ ಸರ್ಕಾರಿ ಆರೋಗ್ಯಸೇವೆ 18ರೊಳಗಿನವರಿಗೆ ಮೇಲಿನ ದರ್ಜೆಯ ತೊಂದರೆಗಳಿಗೆ ಉಚಿತವಾಗಿ ಚಿಕಿತ್ಸೆ ಕೊಡುತ್ತದೆ. ಕೆಳಗಿನ ದರ್ಜೆಯವಕ್ಕೆ ಕೊಡುವುದಿಲ್ಲ. ಅಗತ್ಯ ಯಾವುದು, ಆಸೆ ಯಾವುದು ಎಂದು ಅಳೆದು ಹೇಳಲು ಸಾಧ್ಯವಿದೆ ಎಂಬುದಕ್ಕೆ ಇದು ಸಾಕ್ಷಿ. ನಾವು ಮಾತ್ರ ಹುಡುಗಿಯ ವಯಸ್ಸನ್ನು ಮತ್ತು ಬೀಗರಾಗುವವರ ಕಣ್ಣನ್ನು ಅಳತೆಗೋಲು ಮಾಡಿಕೊಂಡಿದ್ದೇವೆ. ಹುಡುಗಿಯ ಹಲ್ಲಿನ ಸಾಲನ್ನು ಪರೀಕ್ಷಿಸುವ ಅದೇ ಬೀಗರು ತಮ್ಮ ಹುಡುಗನ ಬಾಯಿಯ ಎಲೆಯಡಿಕೆಯ ಕವಳದ ಕಲೆಯ ಬಗ್ಗೆ ತುಟಿ ಬಿಚ್ಚುವುದಿಲ್ಲ. ಈ ಅನ್ಯಾಯವನ್ನು ಸಂಪ್ರದಾಯವೆಂದು ಒಪ್ಪಿಕೊಳ್ಳಲು ನಾನು ಸಿದ್ಧನಿಲ್ಲ.

ಮದುವೆಯ ಗಡುವು ಚಿಕಿತ್ಸೆಯನ್ನೂ ಕೆಡಿಸುತ್ತದೆ. ತಂತಿ ಹಲ್ಲನ್ನು ಎಳೆದು ತರುತ್ತದೆ ಎಂಬ ತಿಳಿವಳಿಕೆ ಅರ್ಧ ಸತ್ಯ. ಹಲ್ಲಿನ ಮೇಲೆ ಹಗುರವಾದ ಒತ್ತಡ ಬಿದ್ದಾಗ ಒತ್ತಿದ ಬದಿಯ ಎಲುಬು ಕರಗುತ್ತದೆ, ಹಿಂಬದಿಯಲ್ಲಿ ಹೊಸ ಎಲುಬು ಕಟ್ಟುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿಯುತ್ತದೆ. ಈ ಕೆಲಸ ಮಾಡುವುದು ದೇಹ, ಅದರ ವೇಗ ಅದರದ್ದು. ಪೂರ್ತಿ ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಬೇಕು. ಬಲ ಹೆಚ್ಚಿಸಿ ಅವಸರಿಸಿದರೆ ಹಲ್ಲಿನ ಬೇರೇ ಕರಗಿ ಮೋಟಾಗುವ ಅಪಾಯವಿದೆ. ಅಷ್ಟು ಸಮಯವಿಲ್ಲ ಎಂದವರಿಗೆ ಈಗ ಇನ್ನೊಂದು ದಾರಿ ತೋರಿಸಲಾಗುತ್ತಿದೆ: ಗಟ್ಟಿ ಹಲ್ಲುಗಳನ್ನು ಅರೆದು ಮೇಲೆ ಬಿಳಿ ಕ್ಯಾಪ್ ಕೂರಿಸಿ ಎರಡೇ ವಾರದಲ್ಲಿ ನೇರ ಸಾಲು ಮಾಡಿಕೊಡುವುದು. ಪೂರ್ತಿ ಕ್ಯಾಪ್ ಕೂರಿಸಲು ಕಣ್ಣಿಗೆ ಕಾಣುವ ಹಲ್ಲಿನ ಅರ್ಧಕ್ಕೂ ಹೆಚ್ಚು ಭಾಗ ಹೋಗುತ್ತದೆ. ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಆ ಕ್ಯಾಪ್‌ಗಳನ್ನು ಮುಂದೆ ಬದಲಿಸುತ್ತಲೇ ಇರಬೇಕು, ಒಳಗಿನ ನರ ಸತ್ತರೆ ರೂಟ್ ಕೆನಾಲ್ ಮಾಡಿಸಬೇಕು. ಯುವತಿಯ ಹುಳುಕಿಲ್ಲದ, ಮುರಿಯದ ಹಲ್ಲನ್ನು ಮುಹೂರ್ತಕ್ಕಾಗಿ ಅರೆಯುವುದು ಚಿಕಿತ್ಸೆಯಲ್ಲ, ಗಾಯ.

ತಂತಿ ಬಿಚ್ಚಿದ ದಿನ ಚಿಕಿತ್ಸೆ ಮುಗಿಯಿತು ಎಂಬುದೂ ಇದೇ ಗಡುವು ಹುಟ್ಟಿಸಿದ ಭ್ರಮೆ. ಸರಿಸಿದ ಹಲ್ಲನ್ನು ಹಿಡಿದಿರುವ ವಸಡಿನ ನಾರುಗಳು ಹೊಸ ಜಾಗಕ್ಕೆ ಒಗ್ಗಿಕೊಳ್ಳಲು ವರ್ಷದವರೆಗೂ ಹಿಡಿಯುತ್ತದೆ. ಆ ತನಕ ಹಲ್ಲು ಹಳೆಯ ಜಾಗಕ್ಕೆ ವಾಲುತ್ತಲೇ ಇರುತ್ತದೆ. ರಿಟೈನರ್ ಎಂಬ ತೆಳು ಅಚ್ಚು ಅಥವಾ ಹಿಂಬದಿಗೆ ಅಂಟಿಸುವ ಸಣ್ಣ ತಂತಿ ಇರುವುದು ಅದನ್ನು ತಡೆಯಲು. ಮದುವೆಗೆಂದು ಸಾಲು ನೇರ ಮಾಡಿಸಿಕೊಂಡವರ ರಿಟೈನರ್ ತವರುಮನೆಯ ಕಪಾಟಿನಲ್ಲೇ ಉಳಿದುಬಿಡುತ್ತದೆ. ಉದ್ದೇಶ ಮದುವೆಯಾಗಿದ್ದರೆ, ಮದುವೆಯ ಮರುದಿನ ಅದಕ್ಕೆ ಬೆಲೆ ಎಲ್ಲಿಯದು? ಎರಡು ವರ್ಷದ ಶ್ರಮ, ಹತ್ತಾರು ಸಾವಿರ ರೂಪಾಯಿ ಹೀಗೆ ಮಣ್ಣುಪಾಲಾಗುತ್ತದೆ.

ಹಾಗಾದರೆ ಯಾವ ತಂತಿ? ಲೋಹದ್ದೋ, ಹಲ್ಲಿನ ಬಣ್ಣದ ಸೆರಾಮಿಕ್ಕೋ, ಪಾರದರ್ಶಕ ಅಲೈನರೋ? ಯಾವುದು ಕಡಿಮೆ ಕಾಣುತ್ತದೆ ಎಂಬುದೊಂದೇ ಇಲ್ಲೂ ಪ್ರಶ್ನೆಯಾಗಿದೆ. ಸರಿಯಾದ ಪ್ರಶ್ನೆಗಳು ಬೇರೆ. ಕತಗಾಲದ ಮನೆಯವರಿಗೆ ತಿಂಗಳಿಗೊಮ್ಮೆ ಕುಮಟೆಗೋ ಶಿರಸಿಗೋ ಹೋಗಿಬರುವುದು ಎರಡು ವರ್ಷ ನಿಭಾಯಿಸಲು ಆಗುತ್ತದೆಯೇ? ಮಳೆಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿ ರಸ್ತೆ ಮುಳುಗಿದಾಗ ತಂತಿಯ ತುದಿ ಕೆನ್ನೆಗೆ ಚುಚ್ಚಿದರೆ ಏನು ಮಾಡಬೇಕೆಂದು ಡಾಕ್ಟರು ಹೇಳಿಕೊಟ್ಟಿದ್ದಾರೆಯೇ? ಸಣ್ಣ ಪೇಟೆಯ ಕ್ಲಿನಿಕ್ಕಿಗೆ ತಜ್ಞರು ತಿಂಗಳಲ್ಲಿ ನಿಗದಿತ ದಿನ ಬಂದುಹೋಗುವುದಾದರೆ, ಉಳಿದ ದಿನ ನೋಡುವವರು ಯಾರು? ಲೋಹದ ತಂತಿ ಅಗ್ಗ, ಗಟ್ಟಿ, ಕಠಿಣ ದೋಷಕ್ಕೂ ಒಗ್ಗುತ್ತದೆ. ಆದರೆ ಚಕ್ಕುಲಿ, ಕಬ್ಬು, ಗಟ್ಟಿ ಹಪ್ಪಳ ಕಚ್ಚಿದರೆ ಹಲ್ಲಿಗೆ ಅಂಟಿಸಿದ ಬ್ರಾಕೆಟ್ ಕಳಚುತ್ತದೆ. ಅಲೈನರಿಗೆ ಊಟದ ಪಥ್ಯ ಇಲ್ಲ. ಆದರೆ ದಿನಕ್ಕೆ 20ರಿಂದ 22 ತಾಸು ಬಾಯಲ್ಲಿರಬೇಕು, ಎಲ್ಲ ದೋಷಕ್ಕೂ ಅದು ಆಗದು, ಖರ್ಚು ಲಕ್ಷ ದಾಟಬಹುದು. ಬಾಯಿ ನೋಡದೆ ಅಂಚೆಯಲ್ಲಿ ಅಲೈನರ್ ಕಳಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಹಾಗೆ ಮಾರುತ್ತಿದ್ದ ಅಮೆರಿಕದ ಸ್ಮೈಲ್ ಡೈರೆಕ್ಟ್ ಕ್ಲಬ್ 2023ರಲ್ಲಿ ದಿವಾಳಿಯಾಗಿ ಬಾಗಿಲು ಹಾಕಿದಾಗ ಗ್ರಾಹಕರು ಅರ್ಧ ಸರಿದ ಹಲ್ಲು ಹೊತ್ತು ನಡುದಾರಿಯಲ್ಲಿ ನಿಂತರು. ಕೊಲ್ಲಿ ದೇಶದಲ್ಲಿ ಚಿಕಿತ್ಸೆ ಶುರುಮಾಡಿ ಭಟ್ಕಳಕ್ಕೆ ಬಂದು ಮುಂದುವರಿಸುವ ಕುಟುಂಬಗಳೂ ಎಕ್ಸ್‌ರೇ, ಅಚ್ಚು, ಚಿಕಿತ್ಸೆಯ ವಿವರಗಳನ್ನು ಜೊತೆಗೆ ತರಬೇಕು.

ಚಿಕಿತ್ಸೆ ಮಾಡುವವರು ಬಿಡಿಎಸ್ ನಂತರ ಹಲ್ಲುಸಾಲಿನ ವಿಭಾಗದಲ್ಲೇ ಮೂರು ವರ್ಷ ಎಂಡಿಎಸ್ ಓದಿದವರೇ ಎಂದು ಕೇಳುವುದು ನಿಮ್ಮ ಹಕ್ಕು. ರಿಟೈನರ್ ಸೇರಿ ಒಟ್ಟು ಖರ್ಚೆಷ್ಟು, ಚಿಕಿತ್ಸೆ ಮಾಡಿಸದಿದ್ದರೆ ಏನಾಗುತ್ತದೆ ಎಂದು ಕೇಳಿ. ಕೊನೆಯ ಪ್ರಶ್ನೆಗೆ ‘ಚೆಂದ ಕಾಣುವುದಿಲ್ಲ’ ಎಂಬುದೊಂದೇ ಉತ್ತರವಾದರೆ, ಮನೆಗೆ ಬಂದು ಯೋಚಿಸಲು ನಿಮಗೆ ಬೇಕಾದಷ್ಟು ಸಮಯವಿದೆ.

ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಎಂಬ ಹೆದರಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಜಾಗ ಮಾಡಲು ಹಲ್ಲು ಕೀಳಬೇಕೆಂದಾಗ ಅರ್ಧಕ್ಕೇ ಎದ್ದು ಬರುವವರಿದ್ದಾರೆ. ನೋಟ ತರುವುದು ಎರಡನೆಯ ಕಪಾಲ ನರ, ಹಲ್ಲಿನ ನೋವು ತರುವುದು ಐದನೆಯದು. ಒಂದಕ್ಕೊಂದು ಸಂಬಂಧವಿಲ್ಲ. ಕೀಳುವುದು ನಿಜಕ್ಕೂ ಬೇಕೇ ಎಂದು ಎಕ್ಸ್‌ರೇ, ಅಚ್ಚು ಮುಂದಿಟ್ಟು ವಾದಿಸಿ. ಕಣ್ಣಿನ ಹೆಸರಲ್ಲಿ ಬೇಡ.

ಈ ವಾದಕ್ಕೆ ಬರುವ ಗಟ್ಟಿ ಆಕ್ಷೇಪ ಒಂದೇ: ದುಡ್ಡೆಲ್ಲಿದೆ? ಈ ಪ್ರಶ್ನೆಗೆ ಗೌರವ ಕೊಟ್ಟು ಉತ್ತರಿಸಬೇಕು. ಉತ್ತರ ಕನ್ನಡದ ಜನ ದೊಡ್ಡ ಕಾಯಿಲೆ ಬಂದರೆ ಇಂದಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಓಡುತ್ತಾರೆ. ಸುಸಜ್ಜಿತ ಆಸ್ಪತ್ರೆಗಾಗಿ 2022ರಲ್ಲಿ ಜಿಲ್ಲೆಯ ಜನ ದೊಡ್ಡ ದನಿ ಎತ್ತಬೇಕಾಯಿತು. ಅಂಥ ಜಿಲ್ಲೆಯಲ್ಲಿ ಹಲ್ಲುಸಾಲಿಗೆ ಖರ್ಚು ಮಾಡಿ ಎಂದು ಸುಲಭವಾಗಿ ಹೇಳಲಾಗದು. ಆದರೆ ಏಳನೆಯ ವರ್ಷದಲ್ಲಿ ಒಮ್ಮೆ ತೋರಿಸುವುದು, ದವಡೆಹಲ್ಲಿನ ಗೀರು ತುಂಬಿಸುವುದು, ಜಾಗ ಕಾಯುವ ಬಳೆ ಕೂರಿಸುವುದು ಸಣ್ಣ ಖರ್ಚುಗಳು. ದೊಡ್ಡ ಖರ್ಚು ಹುಟ್ಟುವುದು ಇವನ್ನು ಬಿಟ್ಟಾಗ. ಪೂರ್ತಿ ಚಿಕಿತ್ಸೆಯೇ ಬೇಕಾದವರು ಧಾರವಾಡ, ಮಣಿಪಾಲ, ಮಂಗಳೂರಿನ ದಂತ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಬೇಕು. ಎಂಡಿಎಸ್ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರಲ್ಲಿ ಮಾಡುವ ಚಿಕಿತ್ಸೆಗೆ ಖಾಸಗಿ ಕ್ಲಿನಿಕ್ಕಿಗಿಂತ ಸಾಮಾನ್ಯವಾಗಿ ಕಡಿಮೆ ದರವಿರುತ್ತದೆ.

ಮೊದಲೇ ಮಾಡಬೇಕಾದ ಸಣ್ಣ ಖರ್ಚನ್ನು ಬಿಡುವ ಇದೇ ತಪ್ಪನ್ನು ಸರ್ಕಾರವೂ ಮಾಡುತ್ತಿದೆ. ರಾಜ್ಯದ ದಂತಭಾಗ್ಯ ಯೋಜನೆ ಹಲ್ಲೆಲ್ಲ ಹೋದ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುತ್ತದೆ. ಅದು ಒಳ್ಳೆಯ ಕೆಲಸ. ಆದರೆ ಹಲ್ಲು ಹೋದ ಮೇಲೆ ಕೊಡುವ ರಾಜ್ಯ, ಹಲ್ಲು ಬರುವಾಗ ಎಲ್ಲಿದೆ? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಬರಬೇಕು; ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಇದೆ. ಆ ತಂಡ ಎರಡನೆಯ ತರಗತಿಯ ಮಕ್ಕಳ ದವಡೆಹಲ್ಲು ಮತ್ತು ಕಚ್ಚುವ ಬಗೆಯನ್ನು ನೋಡಿ ಬರೆದುಕೊಂಡು, ಬೇಕಾದವರನ್ನು ತಾಲ್ಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರಿಗೆ ಕಳಿಸಿದರೆ ಹೊಸ ಯೋಜನೆಯೇ ಬೇಡ.

ಮನೆಯ ಕೆಲಸವೂ ಇದೆ. ನಗುವನ್ನು ಕಾಯುವುದು ತಂತಿಯಲ್ಲ, ದಿನದಿನದ ಆರೈಕೆ. ಫ್ಲೋರೈಡ್ ಇರುವ ಪೇಸ್ಟಿನಲ್ಲಿ ರಾತ್ರಿ ಮಲಗುವ ಮುಂಚೆ ಉಜ್ಜುವುದು ಬೆಳಗಿನದಕ್ಕಿಂತ ಮುಖ್ಯ. ತಂತಿ ಇರುವ ಬಾಯಿಯನ್ನು ಸ್ವಚ್ಛವಾಗಿ ಇಡದಿದ್ದರೆ ಒಂದೇ ತಿಂಗಳಲ್ಲಿ ಬ್ರಾಕೆಟ್ಟಿನ ಸುತ್ತ ಬಿಳಿಕಲೆ ಬೀಳಬಹುದು, ಅದು ಹುಳುಕಿನ ಮೊದಲ ಹೆಜ್ಜೆ. ಬೆಲ್ಲ ಸಕ್ಕರೆಗಿಂತ ಹಲ್ಲಿಗೆ ಒಳ್ಳೆಯದು ಎಂಬುದು ಸುಳ್ಳು. ಜೋನಿಬೆಲ್ಲ ಊಟದ ಜೊತೆ ತಿಂದು ಬಾಯಿ ಮುಕ್ಕಳಿಸಿದರೆ ಸಾಕು, ದಿನವಿಡೀ ಮೆಲ್ಲುವುದು ಬೇಡ. ಇದ್ದಿಲಿನ ಪುಡಿಯನ್ನು ಈಗ ಟ್ಯೂಬಿನಲ್ಲಿ ತುಂಬಿ ದುಬಾರಿಗೆ ಮಾರುತ್ತಾರೆ. ಅದು ಕಲೆಯ ಜೊತೆ ಎನಾಮಲ್ಲನ್ನೂ ತೀಡುತ್ತದೆ. ಕೊನೆಯದಾಗಿ ಕವಳ. ಅಡಿಕೆ ನಮ್ಮ ಅನ್ನ ಎಂಬುದು ಗೊತ್ತಿದ್ದೇ ಹೇಳುತ್ತೇನೆ: ತಂಬಾಕಿಲ್ಲದ ಕವಳವೂ, ಅಡಿಕೆಯೂ ಕ್ಯಾನ್ಸರ್ ತರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ. ಬೆಳೆಯುವುದು ಜೀವನೋಪಾಯ, ಮಕ್ಕಳ ಬಾಯಿಗೆ ಅದನ್ನು ಅಭ್ಯಾಸ ಮಾಡಿಸುವುದು ಕ್ಷಮಿಸಲಾಗದ ತಪ್ಪು.

ಚೆಂದ ಬೇಡವೇ ಎಂದು ಕೇಳುವವರಿದ್ದಾರೆ. ಚೆಂದ ಬೇಕು. ಶಾಲೆಯಲ್ಲಿ ‘ಹಲ್ಲುಬ್ಬ’ ಎಂದು ಕರೆಸಿಕೊಂಡು ನಗುವಾಗ ಕೈ ಅಡ್ಡ ಹಿಡಿಯುವ ಮಗುವಿನ ಸಂಕಟ ನಿಜ. ಆ ಮಗು ತಾನೇ ಬಯಸಿದರೆ ಚಿಕಿತ್ಸೆ ಕೊಡಿಸುವುದು ನ್ಯಾಯ. ವಸಡು ಗಟ್ಟಿಯಿದ್ದರೆ ನಲವತ್ತರಲ್ಲೂ ಹಲ್ಲು ಸರಿಸಬಹುದು. ತನಗಾಗಿ ಮಾಡಿಸಿಕೊಳ್ಳುವ ಹೆಂಗಸರನ್ನು ಯಾರೂ ಆಡಿಕೊಳ್ಳಬಾರದು. ನಾನು ವಿರೋಧಿಸುತ್ತಿರುವುದು ಇನ್ನೊಬ್ಬರ ಒಪ್ಪಿಗೆಗಾಗಿ, ಇನ್ನೊಬ್ಬರು ಹಾಕಿದ ಗಡುವಿಗೆ ಹುಡುಗಿಯ ಬಾಯಿಯನ್ನು ಒಪ್ಪಿಸುವುದನ್ನು.

ನಿಮ್ಮ ಮನೆಯಲ್ಲಿ ಆರರಿಂದ ಹತ್ತು ವರ್ಷದ ಮಗುವಿದ್ದರೆ, ಗಂಡಾಗಲಿ ಹೆಣ್ಣಾಗಲಿ, ಇಂದು ಸಂಜೆ ಬೆಳಕಿನಲ್ಲಿ ಕೂರಿಸಿ ಬಾಯಿ ತೆರೆಸಿ ನೋಡಿ. ಸಾಲಿನ ಕೊನೆಯಲ್ಲಿರುವ ದೊಡ್ಡ ಹಲ್ಲಿನ ಮೇಲೆ ಕಪ್ಪು ಗೀರು ಕಂಡರೆ ಈ ವಾರವೇ ಹಲ್ಲಿನ ಡಾಕ್ಟರಿಗೆ ತೋರಿಸಿ.